ಟವೆಲ್ಲಿನ ಕೆಳಗಿನ ಬೆರಳು

ನಮ್ಮ ಬಸದಿಯ ಅಂಗಳಕ್ಕೆ ಕರಿಕಲ್ಲು ಹಾಸಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಆ ಅಂಗಳ ದಾಟುವುದನ್ನು ನೋಡಬೇಕು. ಎಂಥ ದೊಡ್ಡ ವ್ಯಾಪಾರಿಯಾದರೂ ಕುಣಿಯುತ್ತಾ ಓಡುತ್ತಾನೆ. ಹೆಂಗಸರು ನಿರಿಗೆ ಎತ್ತಿ ಹಿಡಿದು ನೆರಳಿನಿಂದ ನೆರಳಿಗೆ ಜಿಗಿಯುತ್ತಾರೆ. ಆವತ್ತು ನಾನೊಬ್ಬನೇ ಮದುವೆಗೆ ಬಂದ ಬೀಗರ ಗತ್ತಿನಲ್ಲಿ ನಿಧಾನವಾಗಿ ದಾಟಿದೆ. ನೆರಳಲ್ಲಿ ನಿಂತಿದ್ದ ಪರಿಚಯದವರೊಬ್ಬರು, “ಅಣ್ಣಾ ಇನ್ನೂ ಎಷ್ಟ ಗಟ್ಟಿ ಅದಾರ ನೋಡ್ರಿ” ಎಂದರು. ಎಪ್ಪತ್ತಾರನೇ ವಯಸ್ಸಿನಲ್ಲಿ ಅಂಥ ಮಾತು ಕಿವಿಗೆ ಬಿದ್ದರೆ ಯಾರಿಗೆ ಖುಷಿಯಾಗುವುದಿಲ್ಲ? ನಾನು ನಡಿಗೆಯನ್ನು ಇನ್ನಷ್ಟು ನಿಧಾನ ಮಾಡಿದೆ.

ಸಂಜೆ ಮನೆಯಲ್ಲಿ ನಾನು ನಡೆದಲ್ಲೆಲ್ಲಾ ನೆಲದ ಮೇಲೆ ಒದ್ದೆ ಗುರುತು ಬೀಳುತ್ತಿತ್ತು. ನನ್ನ ಹೆಂಡತಿ ಅದನ್ನು ಕಂಡು, “ಇದೇನ್ರಿ, ನಿಮ್ಮ ಕಾಲಾಗಿಂದ ನೀರು ಇಳಿಯಾಕತ್ತೈತಿ” ಎಂದಳು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ನೋವು ಇರಲಿಲ್ಲ. ನೋವಿಲ್ಲದ್ದು ಗಾಯ ಹೇಗಾದೀತು ಎಂದುಕೊಂಡು ಅರಿಶಿನ ಮೆತ್ತಿ ಮಲಗಿದೆ. ಸಾಂಗ್ಲಿಯ ಪೇಟೆಯಲ್ಲಿ ನಲವತ್ತು ವರ್ಷ ಅರಿಶಿನದ ದಲಾಲಿ ಅಂಗಡಿ ನಡೆಸಿದವನು ಇನ್ನೇನು ಮೆತ್ತಬೇಕು? ಎಂಟು ದಿನಕ್ಕೆ ಗಾಯದಿಂದ ವಾಸನೆ ಬಂತು. ಆಗ ಮಗ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಮಿರಜಿನ ಆಸ್ಪತ್ರೆಗೆ ಒಯ್ದ.

ಡಾಕ್ಟರು ಮೊದಲು ಅರಿಶಿನ ತೊಳೆಸಿ, ಆಮೇಲೆ ಕೊಳೆತದ್ದನ್ನು ಕತ್ತರಿಸಿ ತೆಗೆದರು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದಿದೆ ಎಂದರು. ಗಾಯ ಎಲುಬಿಗೆ ಮುಟ್ಟಿದರೆ ಬೆರಳು ತೆಗೆಯಬೇಕು, ಅಲ್ಲಿಗೂ ನಿಲ್ಲದಿದ್ದರೆ ಕಾಲು ತೆಗೆಯಬೇಕು ಎಂದೂ ಹೇಳಿದರು. ಇದನ್ನೆಲ್ಲಾ ಅವರು ನನ್ನ ಮಗನಿಗೆ ಹೇಳಿದ್ದು. ನಾನು ಪಕ್ಕದಲ್ಲೇ ಇದ್ದೆ. ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ಅವರ ಕಾಲನ್ನೂ ಇದೇ ಮಿರಜಿನಲ್ಲಿ ಮೊಣಕಾಲಿನ ಮೇಲೆ ತೆಗೆದಿದ್ದರು. ಆಮೇಲೆ ಹತ್ತು ವರ್ಷ ಅವರು ಒಳಗಿನ ಕೋಣೆಯಲ್ಲಿ ಒಂದೇ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲಾ “ಹೊರಗ ಬಿಸಲೈತೇನು?” ಎಂದು ಕೇಳುತ್ತಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಸ್ಪತ್ರೆಯವರು ಮನೆಗೆ ಬಂದು ನೋಡಿಕೊಳ್ಳುವ ನರ್ಸುಗಳ ತಂಡವೊಂದರ ಫೋನ್ ನಂಬರು ಕೊಟ್ಟರು. ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಮನೆಗೆ ಮರುದಿನವೇ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದ ಹೆಂಗಸು, ತಂಡದ ಮುಖ್ಯಸ್ಥರು. ಅಥಣಿ ಕಡೆಯವರು, ಕಲಿತದ್ದು ಕೆಲಸ ಮಾಡಿದ್ದು ಎಲ್ಲಾ ಮಿರಜಿನಲ್ಲಿ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಇನ್ನೊಬ್ಬಳು ಹಿಂದಿನ ವರ್ಷವಷ್ಟೇ ನರ್ಸಿಂಗ್ ಮುಗಿಸಿದ ಹುಡುಗಿ. ಅಪ್ಪ ವಿಜಯಪುರ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವನಂತೆ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದದ್ದು ಮರಾಠಿ. ನಮ್ಮ ಮೊಮ್ಮಕ್ಕಳದ್ದೂ ಅದೇ ಕಥೆಯಾದ್ದರಿಂದ ನಮಗೇನೂ ತೊಂದರೆಯಾಗಲಿಲ್ಲ.

“ಡಾಕ್ಟರ್ ಯಾವಾಗ ಬರ್ತಾರ?” ಎಂದು ಕೇಳಿದೆ.

“ಅವರು ಬರೂದಿಲ್ರಿ ಕಾಕಾ. ನಾ ಬರ್ತೇನಿ” ಎಂದರು ಸಿಸ್ಟರ್.

ಪೇಟೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ನಾನು ಅಣ್ಣಾ. ಈಕೆ ಒಂದೇ ಮಾತಿಗೆ ಕಾಕಾ ಮಾಡಿಬಿಟ್ಟರು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಬಂದು ಅರ್ಧ ಗಂಟೆಯಾದರೂ ಅವರು ಗಾಯದ ಪಟ್ಟಿಯನ್ನೇ ಬಿಚ್ಚಲಿಲ್ಲ ಎಂಬುದಕ್ಕೆ. ಮನೆಯೆಲ್ಲಾ ಓಡಾಡಿದರು. ಬಚ್ಚಲು ನೋಡಿದರು, ಚಪ್ಪಲಿ ಬಿಡುವ ಜಾಗ ನೋಡಿದರು, ಕೋಣೆಯ ಬಾಗಿಲಲ್ಲಿದ್ದ ಕಾಲೊರಸುವ ಚಾಪೆಯನ್ನು ಮಡಚಿ ಅಟ್ಟಕ್ಕೆ ಹಾಕಿಸಿದರು. ನನ್ನನ್ನು ವಾಕರ್ ಹಿಡಿದು ನಡೆಸಿ, ಬಲಗಾಲು ನೆಲಕ್ಕೆ ಊರಕೂಡದು, ಭಾರವೆಲ್ಲಾ ಎಡಗಾಲಿನ ಮೇಲೆ ಎಂದು ತೋರಿಸಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, “ಕಾಕೂ, ದಿನಾ ಮುಂಜಾನೆ ಇವರ ಅಂಗಾಲು ನೀವು ನೋಡಬೇಕು” ಎಂದರು.

“ಐವತ್ತ ವರ್ಷ ಆತು, ಹಬ್ಬಕ್ಕ ಕಾಲ ಮುಟ್ಟಿ ನಮಸ್ಕಾರ ಮಾಡೀನಿ. ಅಂಗಾಲ ನೋಡಿಲ್ಲವಾ ತಾಯಿ” ಎಂದಳು ಇವಳು.

“ಇನ್ನ ನೋಡ್ರಿ. ಕೆಂಪಾಗಿದ್ರ, ಬೊಬ್ಬಿ ಎದ್ದಿದ್ರ ನನಗ ಫೋನ್ ಮಾಡ್ರಿ. ಇವರನ್ನ ಕೇಳಬ್ಯಾಡ್ರಿ, ಇವರು ಏನಿಲ್ಲ ಅಂತಾರ.”

ನನ್ನನ್ನು ಕಂಡು ಒಂದು ಗಂಟೆಯೂ ಆಗಿರಲಿಲ್ಲ, ಅಷ್ಟರಲ್ಲೇ ಈ ಹೆಂಗಸು ನನ್ನನ್ನು ಅಳೆದು ತೂಗಿದ್ದರು.

ಆವತ್ತು ಅವರು ಮಾಡಿದ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಡಾಕ್ಟರು ಇನ್ಸುಲಿನ್ ಬರೆದು ಕೊಟ್ಟಿದ್ದರು, ಬೆಳಿಗ್ಗೆ ಒಂಬತ್ತಕ್ಕೆ ಒಂದು, ರಾತ್ರಿ ಎಂಟಕ್ಕೆ ಊಟದ ಮೊದಲು ಒಂದು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಇದನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ. ದೊಡ್ಡ ಡಾಕ್ಟರು ಎಂಟು ಎಂದರೆ ಎಂಟು ಎಂದು ತಲೆಯಾಡಿಸಿ ಬಂದಿದ್ದೆ. ರಾತ್ರಿಯ ಸೂಜಿಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ನನ್ನ ಲೆಕ್ಕಾಚಾರ. ಸಿಸ್ಟರ್ ಚೀಟಿ ಓದಿದರು, ಗೋಡೆಯ ಮೇಲಿನ ತೀರ್ಥಂಕರರ ಪಟ ನೋಡಿದರು, “ಸಂಜೀ ಊಟ ಎಷ್ಟಕ್ಕರಿ ಕಾಕೂ?” ಎಂದು ಕೇಳಿದರು. ಉತ್ತರ ಕೇಳಿದವರೇ ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿದರು. ಮಾತಾಡಿದ್ದು ಮರಾಠಿಯಲ್ಲಿ. ಅದರ ಅರ್ಥ ಇಷ್ಟು: ಸರ್, ಈ ಮನೆಯಲ್ಲಿ ರಾತ್ರಿ ಎಂಟರ ಊಟ ಎಂಬುದೇ ಇಲ್ಲ, ಎಂಟಕ್ಕೆ ಚುಚ್ಚಿದರೆ ಇವರು ಖಾಲಿ ಹೊಟ್ಟೆಯಲ್ಲಿ ಮಲಗುತ್ತಾರೆ, ಸಂಜೆಯ ಊಟಕ್ಕೆ ಮೊದಲೇ ಕೊಡಿಸುತ್ತೇನೆ, ಎಷ್ಟು ಕೊಡಬೇಕು ನೀವು ಹೇಳಿ, ಬೆಳಗಿನ ಸಕ್ಕರೆ ನೋಡಿ ನಾನು ನಿಮಗೆ ತಿಳಿಸುತ್ತೇನೆ. ಡಾಕ್ಟರು ಹೂಂ ಅಂದು ಪ್ರಮಾಣ ಹೇಳಿದರು. ಫೋನ್ ಇಟ್ಟು ಸಿಸ್ಟರ್ ಹುಡುಗಿಗೆ, ಸಂಜೆಯ ಸುತ್ತಿನಲ್ಲಿ ಬಸದಿಗೆ ಹೋಗುವವರ ಮನೆಗಳು ಮೊದಲು, ಉಳಿದವರ ಮನೆಗಳು ಆಮೇಲೆ ಎಂದು ಹೇಳಿದರು. ದನಿ ಏರಿಸಲಿಲ್ಲ. ನಾನು ಅಂಗಡಿಯಲ್ಲಿ ಹಮಾಲರಿಗೆ ಒಂದು ಚೀಲ ಆಚೆ ಇಡಿಸಬೇಕಾದರೂ ಕೂಗುತ್ತಿದ್ದವನು. ಇಷ್ಟು ಮೆತ್ತಗೆ ಹೇಳಿದರೆ ಯಾರು ಕೇಳುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕೆ.

ಅಷ್ಟರಲ್ಲಿ ಬೇರೆ ರೋಗಿಯ ಮನೆಯಿಂದ ಫೋನ್ ಬಂತು. ಸಿಸ್ಟರ್ ಮಾತಾಡಲು ಗ್ಯಾಲರಿಗೆ ಹೋಗುತ್ತಾ, ಕಾಲು ಮುಟ್ಟಿ ನೋಡುವ ಪರೀಕ್ಷೆಯನ್ನು ನೀನೇ ಮಾಡು ಎಂದು ಹುಡುಗಿಗೆ ಹೇಳಿದರು. ಪರೀಕ್ಷೆ ಬಹಳ ಸುಲಭ. ನಾನು ಕಣ್ಣು ಮುಚ್ಚಬೇಕು, ಅವಳು ಕಾಲಿನ ಒಂದೊಂದು ಬೆರಳನ್ನು ಮೆಲ್ಲಗೆ ಮುಟ್ಟುತ್ತಾಳೆ, ಮುಟ್ಟಿದ್ದು ಯಾವ ಬೆರಳು ಎಂದು ನಾನು ಹೇಳಬೇಕು.

ಇಲ್ಲಿ ನನ್ನ ವ್ಯಾಪಾರದ ಒಂದು ಮಾತು ಹೇಳಬೇಕು. ನಾನು ಪೇಟೆಗೆ ಬಂದ ಕಾಲದಲ್ಲಿ ಅರಿಶಿನದ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನು ಮಾರುವವನು ಕೈಹಿಡಿದು, ಮೇಲೆ ಟವೆಲ್ ಹಾಕಿಕೊಳ್ಳುತ್ತಿದ್ದರು. ಟವೆಲ್ಲಿನ ಕೆಳಗೆ ಯಾವ ಬೆರಳು ಒತ್ತಿದ, ಎಷ್ಟು ಬೆರಳು ಹಿಡಿದ ಎಂಬುದರ ಮೇಲೆ ದರ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಮುಖದಲ್ಲಿ ಏನೂ ಕಾಣಬಾರದು. ಬೆರಳಿನ ಮಾತು ಓದುವುದರಲ್ಲಿ ನಾನು ಗಟ್ಟಿಗ ಎಂದು ಹೆಸರಾಗಿತ್ತು. ಅಂಥವನ ಕಾಲು ಬೆರಳನ್ನು ಈಗ ಮೊಮ್ಮಗಳ ವಯಸ್ಸಿನ ಹುಡುಗಿ ಮುಟ್ಟುತ್ತಿದ್ದಾಳೆ, ಮತ್ತು ಅವಳು ಮುಟ್ಟಿದಳೋ ಇಲ್ಲವೋ ಎಂಬುದೇ ನನಗೆ ಗೊತ್ತಾಗುತ್ತಿಲ್ಲ.

ನಾನು ಕಣ್ಣನ್ನು ಪೂರ್ತಿ ಮುಚ್ಚಿರಲಿಲ್ಲ. ಬೆಳಗಿನ ಸಾಮಾಯಿಕದ ಧ್ಯಾನಕ್ಕೆ ಕೂತಾಗ ಅರೆಗಣ್ಣು ಮುಚ್ಚಿ ಮೂಗಿನ ತುದಿ ನೋಡುವುದು ರೂಢಿಯಾಗಿತ್ತಲ್ಲ, ಆ ರೂಢಿ ಧರ್ಮದ ಕೆಲಸಕ್ಕಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ರೆಪ್ಪೆಯ ಸಂದಿಯಿಂದ ಅವಳ ಕೈ ಚೆನ್ನಾಗಿ ಕಾಣುತ್ತಿತ್ತು. “ಹೆಬ್ಬೆರಳು. ನಡುವಿನದು. ಕಿರಿಬೆರಳು” ಎಂದು ಹೇಳುತ್ತಾ ಹೋದೆ. ಎಲ್ಲಾ ಸರಿ ಹೇಳಿದರೆ ಸಂಶಯ ಬಂದೀತು ಎಂದು ಗಾಯವಿದ್ದ ಬಲಗಾಲಿನಲ್ಲಿ ಎರಡನ್ನು ಬೇಕೆಂದೇ ತಪ್ಪು ಹೇಳಿದೆ. ಎಡಗಾಲಿನದು ಪೂರಾ ಸರಿ. ಹುಡುಗಿ ಹಾಗೇ ಬರೆದುಕೊಂಡಳು. ಯಾಕೆ ಹಾಗೆ ಮಾಡಿದೆ ಎಂದರೆ, ಎರಡೂ ಕಾಲು ಸತ್ತಿವೆ ಎಂದು ಕಾಗದದಲ್ಲಿ ಬರೆಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ದೊಡ್ಡಪ್ಪನ ಕುರ್ಚಿ ಕಣ್ಣಮುಂದೆ ಇತ್ತು.

ಆಮೇಲೆ ಅವಳು ಮಾಡಬೇಕಾದ್ದು, ಮಾಡಬಾರದ್ದು ಎಲ್ಲಾ ಒಂದೊಂದಾಗಿ ಹೇಳಿ, ಕೊನೆಗೆ, “ಕಳ್ಳ ಕಾ, ಕಾಕಾ?” ಎಂದಳು.

ಮರಾಠಿಯಲ್ಲಿ ಅದು “ತಿಳೀತಾ ಕಾಕಾ?” ಎಂದು ಕೇಳುವ ದಿನನಿತ್ಯದ ಮಾತು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಸಾವಿರ ಸಲ ನಾನೇ ಅಂದಿದ್ದೇನೆ. ಆವತ್ತು ಮಾತ್ರ ಅದು ನನ್ನ ಕಿವಿಗೆ ಅಚ್ಚ ಕನ್ನಡದಲ್ಲಿ ಬಿತ್ತು. ತಡವರಿಸಿ, “ಹೌದವಾ, ಹೌದು” ಎಂದೆ. ಯಾವುದಕ್ಕೆ ಹೌದೆಂದೆನೋ ನನಗೇ ಗೊತ್ತಿಲ್ಲ.

ದಿನವೂ ಒಂಬತ್ತಕ್ಕೆ ಹುಡುಗಿ ಬರುತ್ತಿದ್ದಳು, ಇನ್ಸುಲಿನ್ ಕೊಟ್ಟು, ಗಾಯ ತೊಳೆದು ಹೊಸ ಪಟ್ಟಿ ಕಟ್ಟುತ್ತಿದ್ದಳು. ಸಂಜೆ ಇನ್ಸುಲಿನ್ನಿಗೆ ಇನ್ನೊಮ್ಮೆ ಬರುತ್ತಿದ್ದಳು. ಸಿಸ್ಟರ್ ಬರುವುದು ಸೋಮವಾರ. ಬಂದ ಕೂಡಲೇ ಅವರು ಗಾಯಕ್ಕೆ ಕೈ ಹಾಕುತ್ತಿರಲಿಲ್ಲ. ಹುಡುಗಿಯನ್ನು ಮುಂದೆ ಮಾಡಿ, “ಏನ ಕಂಡಿ, ಹೇಳು” ಎನ್ನುತ್ತಿದ್ದರು. ಹುಡುಗಿ ಹೇಳುತ್ತಿದ್ದಳು, ಇವರು ಸುಮ್ಮನೆ ಕೇಳುತ್ತಿದ್ದರು. ಅವಳು ಮರೆತದ್ದೇನಾದರೂ ಇದ್ದರೆ, “ಮತ್ತ?” ಎಂದು ಕಾಯುತ್ತಿದ್ದರು. ಅವಳಿಗೆ ನೆನಪಾಗುವವರೆಗೆ ಕಾಯುತ್ತಿದ್ದರು. ನನಗೆ ತಾಳ್ಮೆ ಕೆಡುತ್ತಿತ್ತು. ನಮ್ಮ ಅಂಗಡಿಯಲ್ಲಿ ಗುಮಾಸ್ತ ಒಂದು ಮಾತು ಮರೆತರೆ ನಾನು ಗಿರಾಕಿಯ ಎದುರಿಗೇ ಉಗಿದು ಉಪ್ಪು ಹಾಕುತ್ತಿದ್ದೆ. ಒಂದು ಸೋಮವಾರ ಹೇಳಿಯೂ ಬಿಟ್ಟೆ.

“ಸಿಸ್ಟರ್, ನೀವು ಭಾಳ ಮೆತ್ತಗ ಅದೀರಿ. ಹಿಂಗಾದ್ರ ಮಂದಿ ತಲಿ ಮ್ಯಾಲೆ ಕುಂದ್ರತಾರ.”

“ಕಾಕಾ, ಬೈದ್ರ ನಾಳೆ ಇಕಿ ತಪ್ಪು ಮುಚ್ಚಿಡ್ತಾಳ. ಮುಚ್ಚಿಟ್ಟ ತಪ್ಪು ನಿಮ್ಮ ಕಾಲಾಗ ಹೋಗಿ ಕೂಡತೈತಿ” ಎಂದು ಪಟ್ಟಿ ಕಟ್ಟುವುದನ್ನು ನೋಡುತ್ತಾ ಹೇಳಿದರು.

ನನಗೆ ಚುರುಕೆಂದಿತು. ಆದರೂ ಬಾಯಿ ಬಿಡಲಿಲ್ಲ. ಗಾಯ ಕಿರಿದಾಗುತ್ತಿತ್ತು. ಪ್ರತಿ ಸೋಮವಾರ ಕಾಗದದ ಪಟ್ಟಿಯಿಂದ ಅಳೆದು, ಹಿಂದಿನ ವಾರದ ಗುರುತಿನ ಪಕ್ಕದಲ್ಲಿ ಗುರುತು ಮಾಡುತ್ತಿದ್ದರು. ಎಲ್ಲಾ ಸರಿಯಾಗುತ್ತಿದೆಯಲ್ಲ, ಈಗ ಹಳೆಯದನ್ನು ಯಾಕೆ ಕೆದಕಬೇಕು ಎಂದುಕೊಂಡೆ.

ಮೇ ತಿಂಗಳ ಕೊನೆಗೆ ಎರಡು ದಿನ ಮುಂಗಾರಿಗೆ ಮುಂಚಿನ ವಳಿವಿನ ಮಳೆ ಹೊಡೆದು ಬೆಳಗಿನ ಹೊತ್ತು ತಂಪಾಯಿತು. ನನ್ನ ಹೆಂಡತಿ ಬಚ್ಚಲಲ್ಲಿ ಕುದಿಯುವ ನೀರಿನ ಬಕೀಟು ಇಟ್ಟು, ತಣ್ಣೀರು ಬೆರೆಸಲು ಚೆಂಬು ತರಲು ಹೋದಳು. ನಾನು ಬಲಗಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಅದನ್ನು ಮಣೆಯ ಮೇಲೆ ಚಾಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದೆ. ಸ್ನಾನದ ನೀರನ್ನು ಕಾಲಿನಿಂದ ಮುಟ್ಟಿ ನೋಡುವುದು ನನ್ನ ಹುಟ್ಟಾ ರೂಢಿ. ಎಡಗಾಲನ್ನು ಬಕೀಟಿನೊಳಗೆ ಇಟ್ಟೆ. ಏನೂ ಬಿಸಿ ಅನ್ನಿಸಲಿಲ್ಲ. ಇಟ್ಟುಕೊಂಡೇ ಕೂಗಿದೆ.

“ಏ, ನೀರು ಕಾದೇ ಇಲ್ಲಲ್ಲ! ಗ್ಯಾಸ್ ಹಚ್ಚೀಯೋ ಇಲ್ಲೋ?”

ಇವಳು ಬಂದು ಬಾಗಿಲಲ್ಲೇ ಚೆಂಬು ಕೈಬಿಟ್ಟಳು. “ಹಬಿ ಏಳಾಕತ್ತೈತಿ ಕಣ್ಣ ಕಾಣ್ಸೂದಿಲ್ಲೇನು, ಕಾಲ ತಗೀರಿ!” ಎಂದು ಚೀರಿದಳು. ತೆಗೆದಾಗ ಕಾಲು ಗಿಣ್ಣಿನವರೆಗೆ ಕೆಂಪಗಾಗಿತ್ತು. ಆಗಲೂ ನನಗೆ ಏನೂ ನೋಯುತ್ತಿರಲಿಲ್ಲ. ಹೊರಗೆ ನಿಂತು ಯಾರದೋ ಕಾಲು ನೋಡುತ್ತಿದ್ದೇನೆ ಎನ್ನಿಸಿತು, ಮತ್ತು ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಒಂಬತ್ತಕ್ಕೆ ಹುಡುಗಿ ಬಂದಾಗ ಬೊಬ್ಬೆಗಳು ಎದ್ದಿದ್ದವು. ಅವಳು ತಣ್ಣೀರು ಸುರಿದು, ಒದ್ದೆ ಬಟ್ಟೆ ಹೊದಿಸಿ, ಸಿಸ್ಟರಿಗೆ ಫೋನ್ ಮಾಡಿದಳು. ನನ್ನ ಹೆಂಡತಿ ಮಗನಿಗೆ ಫೋನ್ ಮಾಡಿದಳು. ಮಗ ಅಂಗಡಿ ಬಿಟ್ಟು ಓಡಿಬಂದ. ಬಂದವನೇ ಕಾಗದಗಳನ್ನು ತಿರುವಿ ಹಾಕಿದ. ಎಡಗಾಲಿಗೆ ಸ್ಪರ್ಶ ಚೆನ್ನಾಗಿದೆ ಎಂದು ಬರೆದದ್ದು ಅವನ ಕಣ್ಣಿಗೆ ಬಿತ್ತು. ಬರೆದವಳು ಎದುರಿಗೇ ನಿಂತಿದ್ದಾಳೆ, ಬಾಯಿಗೆ ಬಂದದ್ದನ್ನೆಲ್ಲಾ ಅಂದ. ಹುಡುಗಿ ಚೀಲ ಎದೆಗೆ ಅವುಚಿಕೊಂಡು ಬಾಗಿಲ ಪಕ್ಕ ನಿಂತಳು. ನಾನು ನೋಡುತ್ತಾ ಕೂತೆ. ಆ ಕಾಲು ಗಂಟೆ ನಾನು ಸುಮ್ಮನಿದ್ದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಿಸ್ಟರ್ ಮಿರಜಿನಿಂದ ಸ್ಕೂಟರಿನಲ್ಲಿ ಬಂದರು. ಮಗ ಅವರ ಮೇಲೂ ಹರಿಹಾಯ್ದ. ಈ ಹುಡುಗಿ ನಾಳೆಯಿಂದ ನಮ್ಮ ಮನೆಗೆ ಬೇಡ, ಎಲ್ಲಿಯೂ ಬೇಡ, ಕೆಲಸದಿಂದಲೇ ತೆಗೆಯಿರಿ ಎಂದ. ಅವನ ಮಾತು ಮುಗಿಯುವವರೆಗೆ ಸಿಸ್ಟರ್ ಕೇಳಿದರು.

“ಅವಳ ಕಾಗದದ ಕೆಳಗ ನನ್ನ ಸಹಿ ಐತ್ರಿ. ಆವತ್ತು ನಾ ಫೋನಿಗೆ ಹೋಗಿದ್ದೆ, ತಿರಗಿ ಬಂದು ನಾನ ಕೈಯಿಟ್ಟು ನೋಡಬೇಕಿತ್ತು, ನೋಡಲಿಲ್ಲ. ಬೈಯೂದಿದ್ರ ನನಗ ಬೈರಿ. ಮೊದಲ ಕಾಲು ನೋಡ್ತೇನಿ, ಆಮ್ಯಾಲೆ ಬೈರಿ.”

ಸಿಸ್ಟರ್ ಸುಟ್ಟ ಕಾಲನ್ನು ತಿರುಗಿಸಿ ನೋಡಿದರು. ಆಮೇಲೆ ತಮ್ಮ ಚೀಲದಿಂದ ಶುಭ್ರವಾದ ಬಿಳಿ ಟವೆಲ್ ತೆಗೆದು, ನನ್ನ ಎರಡೂ ಪಾದ ಮುಚ್ಚುವ ಹಾಗೆ ಹಾಸಿ, ಅದರ ಕೆಳಗೆ ಕೈ ಹಾಕಿದರು.

ಆ ಟವೆಲ್ ನೋಡಿದ್ದೇ ತಡ, ನನ್ನ ಮುಖ ತಾನಾಗಿ ಬಿಗಿಯಾಯಿತು. ನಲವತ್ತು ವರ್ಷದ ಅಭ್ಯಾಸ. ಏನೂ ತೋರಗೊಡಬಾರದು, ಎದುರಿನವರ ಬೆರಳಿಗಾಗಿ ಕಾಯಬೇಕು. ಕಾದೆ. ಸಿಸ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು.

“ಯಾವ ಬೆರಳರಿ ಕಾಕಾ?”

“ಇನ್ನೂ ಮುಟ್ಟೇ ಇಲ್ಲಲ್ರಿ ನೀವು.”

ಅವರು ಇನ್ನೊಂದು ಕೈಯಿಂದ ಟವೆಲ್ಲಿನ ಅಂಚು ಎತ್ತಿದರು. ನನ್ನ ಎಡಗಾಲಿನ ಹೆಬ್ಬೆರಳು ಅವರ ಎರಡು ಬೆರಳುಗಳ ನಡುವೆ ಇತ್ತು. ಮುಟ್ಟಿದ್ದಷ್ಟೇ ಅಲ್ಲ, ಹಿಡಿದುಕೊಂಡಿದ್ದರು.

ಸಿಸ್ಟರ್ ಟವೆಲ್ ಮಡಚಿ ಪಕ್ಕಕ್ಕಿಟ್ಟು, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕೂತರು.

“ಕಾಕಾ, ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ. ಆವತ್ತು ಇಕಿ ಮುಟ್ಟಿದಾಗ ನಿಮಗ ತಿಳದಿತ್ತೇನು? ಆವಾಗ ತಿಳೀತಿತ್ತು, ಈಗ ತಿಳೀವಲ್ದು ಅಂದ್ರ ಒಂದ ತಿಂಗಳದಾಗ ಕಾಲಾಗ ಏನೋ ಕೆಟ್ಟೈತಿ ಅಂತ ಅರ್ಥ. ರಕ್ತ ಹರಿಯೂದು ನಿಂತಿರಬಹುದು. ಈಗಿಂದೀಗ ಅಂಬ್ಯುಲನ್ಸ್ ತರಿಸಿ ಮಿರಜಿಗೆ ಒಯ್ಯಬೇಕು. ಆವಾಗೂ ತಿಳದಿರಲಿಲ್ಲ ಅಂದ್ರ ದಾರಿ ಬ್ಯಾರೆ. ಎರಡರಾಗ ಯಾವದು ಅಂತ ನಿಮ್ಮೊಬ್ಬರಿಗಷ್ಟ ಗೊತ್ತು.”

ಆವತ್ತು ತಿಳಿದಿತ್ತು ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಹೇಳಿದ್ದರೆ ಹುಡುಗಿ ಬರೆದದ್ದು ಸರಿಯಾಗುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು, ಮಗನೂ ಸುಮ್ಮನಾಗುತ್ತಿದ್ದ. ಯಾರಿಗೂ ನಷ್ಟವಿರಲಿಲ್ಲ, ಕಾಲನ್ನೊಂದು ಬಿಟ್ಟು. ಬಾಗಿಲ ಕಡೆ ನೋಡಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕಾಲು ಏನಾಗುತ್ತದೋ ಎಂಬ ಚಿಂತೆ ಇತ್ತು. ಇಷ್ಟು ಬೈಸಿಕೊಂಡ ಮೇಲೂ ಅವಳ ಚಿಂತೆ ನನ್ನ ಕಾಲಿನದೇ.

“ತಿಳದಿರಲಿಲ್ರಿ. ಕಣ್ಣ ತಗದ ನೋಡಿ ಹೇಳೀನಿ” ಎಂದೆ.

ಮಗ, “ಅಣ್ಣಾ!” ಎಂದ. ಅವನೂ ನನ್ನನ್ನು ಅಣ್ಣಾ ಎಂದೇ ಕರೆಯುವುದು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಸಾಮಾಯಿಕದಾಗೂ ಹಿಂಗ ಅರ್ಧಾ ಕಣ್ಣ ತಗದ ನಾಷ್ಟಾಕ್ಕ ಏನ್ ಮಾಡಾಕತ್ತೀನಿ ಅಂತ ನೋಡ್ತಾರ” ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಅದನ್ನು ಹೇಳದೆ ಇರಲಾಗಲಿಲ್ಲ.

ಸಿಸ್ಟರ್ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. “ಛಲೋ ಆತು ಹೇಳಿದ್ರಿ” ಎಂದಷ್ಟೇ ಹೇಳಿ ಡಾಕ್ಟರಿಗೆ ಫೋನ್ ಮಾಡಿದರು. ಮೊದಲ ದಿನದ ವರದಿ ತಪ್ಪು, ಎರಡೂ ಕಾಲಿಗೆ ಮೊದಲಿನಿಂದಲೂ ಸ್ಪರ್ಶವಿಲ್ಲ, ಸರಿಯಾಗಿ ನೋಡದೆ ಸಹಿ ಮಾಡಿದ್ದು ನನ್ನ ತಪ್ಪು ಸರ್ ಎಂದರು. ನಾನು ಕಣ್ಣು ತೆರೆದು ನೋಡಿದ್ದನ್ನು ಹೇಳಲಿಲ್ಲ. ಹುಡುಗಿಯ ಹೆಸರನ್ನೂ ಎತ್ತಲಿಲ್ಲ. ಪಾದದ ನಾಡಿ ಬಡಿಯುತ್ತಿದೆ, ಕಾಲು ಬೆಚ್ಚಗಿದೆ, ಸುಟ್ಟದ್ದು ಇಷ್ಟಿದೆ ಎಂದು ಹೇಳಿ ಫೋಟೋ ಕಳಿಸಿದರು. ಮನೆಯಲ್ಲೇ ನೋಡೋಣ, ಕೀವಾದರೆ ಮಾತ್ರ ಕರೆದುಕೊಂಡು ಬನ್ನಿ ಎಂದರಂತೆ ಡಾಕ್ಟರು.

ಅವತ್ತಿನಿಂದ ನನ್ನ ನಡಿಗೆ ಬಂದಾಯಿತು. ಗಾಲಿಕುರ್ಚಿ ಬಂತು. ಬಚ್ಚಲಿಗೆ ಕುದಿಯುವ ನೀರು ಬರುವುದು ನಿಂತಿತು. ನೀರನ್ನು ಇವಳು ತನ್ನ ಮೊಣಕೈಯಿಂದ ಮುಟ್ಟಿ ನೋಡಿದ ಮೇಲೆ ಮಾತ್ರ ನನ್ನ ಸ್ನಾನ. ಮಗನಿಗೂ ಸಿಸ್ಟರ್ ಒಂದು ಕೆಲಸ ಹಚ್ಚಿದರು, ರವಿವಾರ ಹುಡುಗಿಗೆ ರಜೆ, ಆವತ್ತು ಪಟ್ಟಿ ಕಟ್ಟುವವನು ಅವನು. ಅದನ್ನು ಅವನು ಕಲಿಯಬೇಕಾದದ್ದು ಅದೇ ಹುಡುಗಿಯ ಕೈಯಲ್ಲಿ. ಮೊದಲ ಎರಡು ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೇ ದಿನ ಅವನು ಪಟ್ಟಿಯ ಬಟ್ಟೆಯನ್ನು ತಲೆಕೆಳಗಾಗಿ ಸುತ್ತಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಅಲ್ಲಿಗೆ ಅದು ಮುಗಿಯಿತು.

ಕಾಲು ಸುಟ್ಟ ದಿನ ಸಿಸ್ಟರ್ ಹೊರಡುವಾಗ ಮೆಟ್ಟಿಲ ಮೇಲೆ ಹುಡುಗಿಗೆ ಹೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತ್ತು. “ಕಣ್ಣ ಮುಚ್ಚರಿ ಅಂತ ಹೇಳಿದ್ರ ಸಾಲೂದಿಲ್ಲ. ಮಂದಿ ಹೆದರಿರ್ತಾರ, ಹೆದರಿದವರು ಕಣ್ಣ ತಗೀತಾರ. ಅದನ್ನ ನಾ ನಿನಗ ಮೊದಲ ಕಲಸಬೇಕಿತ್ತು. ಇವತ್ತಿಂದ ಎಲ್ಲಾರ ಮನ್ಯಾಗೂ ಟವೆಲ್.” ನನ್ನನ್ನು ಸುಳ್ಳ ಎನ್ನಲಿಲ್ಲ, ಹೆದರಿದವ ಎಂದರು. ನನಗೆ ಅದು ಸುಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಹೆಚ್ಚು ನಾಟಿತು, ಯಾಕೆಂದರೆ ಅದೇ ನಿಜ.

ಎಡಗಾಲಿನ ಸುಟ್ಟ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಕೀವಾಗಿ ಮಿರಜಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಬಲಗಾಲಿನದು ಇನ್ನೂ ತಡವಾಯಿತು. ಮಳೆಗಾಲವೆಲ್ಲಾ ಕುರ್ಚಿಯಲ್ಲೇ ಕಳೆಯಿತು. ಕೃಷ್ಣೆಗೆ ನೀರು ಬಂದಿದೆ, ಹರಿಪುರದ ರಸ್ತೆ ಮುಚ್ಚಿದೆ ಎಂಬುದನ್ನೆಲ್ಲಾ ಬಂದವರ ಬಾಯಿಂದ ಕೇಳಿದೆ. “ಹೊರಗ ಮಳಿ ಐತೇನು?” ಎಂದು ಕೇಳುವಾಗ ದೊಡ್ಡಪ್ಪನ ದನಿ ನನ್ನದರಲ್ಲಿ ಕೇಳಿದ ಹಾಗಾಗಿ ಮಾತು ನುಂಗಿದ್ದೂ ಉಂಟು. ಗಣಪತಿ ಹಬ್ಬ ಕಳೆದ ಮೇಲೆ ಒಂದು ಸೋಮವಾರ ಸಿಸ್ಟರ್ ಕಾಗದದ ಪಟ್ಟಿ ಹಿಡಿದು ಬಗ್ಗಿದವರು, ಅಳೆಯಲು ಏನೂ ಉಳಿದಿಲ್ಲ ಎಂದು ಎದ್ದು ನಿಂತರು. ಎರಡೂ ಕಾಲು, ಹತ್ತೂ ಬೆರಳು ಇದ್ದವು. ನನ್ನ ಹೆಂಡತಿ ಒಳಗೆ ಹೋಗಿ ದೇವರ ಮುಂದೆ ಕೂತವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಅತ್ತೆ. ಮಗನ ಎದುರಿಗೇ ಅತ್ತೆ.

ಕೊನೆಯ ಭೇಟಿಯ ದಿನ ಇಬ್ಬರೂ ಬಂದರು. ಸಿಸ್ಟರ್ ಕುರ್ಚಿಯಲ್ಲಿ ಕೂತು ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದರು. ಹುಡುಗಿಯೇ ಎಲ್ಲಾ ಮಾಡಿದಳು. ಚೀಲದಿಂದ ಟವೆಲ್ ತೆಗೆದು ಪಾದದ ಮೇಲೆ ಹಾಸಿ, ಕೆಳಗೆ ಕೈ ಹಾಕಿದಳು. ಈ ಸಲ ನಾನು ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿದೆ, ಯಾರೂ ಕೇಳಿರಲಿಲ್ಲ.

“ಯಾವ ಬೆರಳು?”

“ತಿಳೀವಲ್ದು.”

“ಈಗ?”

“ಇಲ್ಲ.”

“ಈಗ?”

“ಇಲ್ಲವಾ.”

ಹತ್ತು ಬೆರಳಿಗೆ ಹತ್ತು ಸಲ ಇಲ್ಲ ಅಂದ ಮೇಲೆ ಕಣ್ಣು ತೆರೆದೆ. ಹುಡುಗಿ ಬರೆದು ಕಾಗದವನ್ನು ಸಿಸ್ಟರಿಗೆ ಕೊಟ್ಟಳು. ಅವರು ಎದ್ದು ಬಂದು, ತಾವೂ ಒಮ್ಮೆ ಟವೆಲ್ಲಿನ ಕೆಳಗೆ ಕೈಯಿಟ್ಟು ನೋಡಿ, ಆಮೇಲೆ ಸಹಿ ಮಾಡಿ, ಮತ್ತೆ ಚಹಾ ಕುಡಿಯಲು ಕೂತರು.

ಹುಡುಗಿ ನನ್ನ ಎದುರು ಕೂತು ಮುಂದಿನದ್ದನ್ನೆಲ್ಲಾ ಹೇಳಿದಳು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ಇರಬೇಕು. ಹಾಕುವ ಮೊದಲು ಅದರೊಳಗೆ ಕೈಯಾಡಿಸಿ ನೋಡಬೇಕು. ನೀರನ್ನು ಕಾಲಿನಿಂದ ಮುಟ್ಟಬಾರದು. ಬಸದಿಗೆ ಬೆಳಿಗ್ಗೆ ಏಳರೊಳಗೆ ಹೋಗಿಬರಬೇಕು, ಕಲ್ಲು ಕಾದ ಮೇಲೆ ಕೂಡದು. ದಿನವೂ ಕಾಕೂ ಅಂಗಾಲು ನೋಡಬೇಕು. ಇಷ್ಟು ಹೇಳಿ, ಕಾಗದ ನನ್ನ ಕೈಗಿಟ್ಟು, ಎಂದಿನ ಹಾಗೆ ಕೇಳಿದಳು.

“ಕಳ್ಳ ಕಾ, ಕಾಕಾ?”

“ಇಲ್ಲವಾ, ಇನ್ನ ಅಲ್ಲ” ಎಂದೆ.

ಸಿಸ್ಟರಿಗೆ ಚಹಾ ನೆತ್ತಿಗೇರಿತು. ಹುಡುಗಿಗೆ ಮಾತಿನ ಮರ್ಮ ತಿಳಿಯಲಿಲ್ಲ. ನನಗೆ ಅರ್ಥವಾಗಿಲ್ಲ ಎಂದುಕೊಂಡು, ಕುರ್ಚಿಯನ್ನು ಇನ್ನೂ ಹತ್ತಿರ ಎಳೆದು, ಚಪ್ಪಲಿಯಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಮತ್ತೆ ನಿಧಾನವಾಗಿ ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕದೆ ಎರಡನೇ ಸಲವೂ ಪೂರ್ತಿ ಕೇಳಿದೆ.